ಮೇಲಿನ ಗೆರೆ

೨೦೨೪ನೇ ಇಸವಿ ಆಗಸ್ಟ್ ೧೪, ಬುಧವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಅಡುಗೆಮನೆಯ ಕಿಟಕಿಯ ಪಕ್ಕ ಟಿಂಗ್‌ಟಿಂಗ್ ನೆಟ್ಟಗೆ ನಿಂತು ಉಸಿರಿನ ವೇಗ ಅಳೆಯುವ ಮೀಟರಿನ ಬಾಯಿಗೆ ತುಟಿ ಹಚ್ಚಿ ಊದಿದಳು. ಥುಪ್. ಕೆಂಪು ಮುಳ್ಳು ಹಾರಿ ಇನ್ನೂರ ಐವತ್ತರ ಗೆರೆ ದಾಟಿ, ಇನ್ನೂರ ಅರವತ್ತನ್ನು ಮುಟ್ಟದೆ ನಿಂತಿತು. ಯುನ್‌ಹ್ವೇ ಪುಸ್ತಕದಲ್ಲಿ ಇನ್ನೂರ ಅರವತ್ತು ಎಂದು ಬರೆದಳು. ಮುಳ್ಳು ಎರಡು ಗೆರೆಗಳ ನಡುವೆ ನಿಂತಾಗ ಮೇಲಿನ ಗೆರೆಯನ್ನು ಬರೆಯುವುದು ಜುಲೈ ತಿಂಗಳಿನಿಂದ ಅವಳಿಗೆ ರೂಢಿಯಾಗಿತ್ತು. "ಸಾಕಾ ಅಮ್ಮ?" ಎಂದಳು ಮಗಳು. "ಸಾಕು, ಗಂಜಿ ಕುಡಿ." ಮಗಳು ಮೀಟರನ್ನು ಅದರ ಪೆಟ್ಟಿಗೆಯಲ್ಲಿಟ್ಟು, ಗೆಣಸಿನ ಗಂಜಿಯ ಬಟ್ಟಲ ಮುಂದೆ ಕುಳಿತಳು. ಎಂಟು ವರ್ಷದ ಹುಡುಗಿಯ ಭುಜಗಳು ಉಸಿರಾಡುವಾಗ ಏರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಏರುತ್ತಿದ್ದವು. ಯುನ್‌ಹ್ವೇ ಭುಜಗಳನ್ನು ನೋಡಲಿಲ್ಲ. ಪೆನ್ನಿನ ಮುಚ್ಚಳ ಹಾಕಿದಳು.

ನಿಜವಾದ ಉಸಿರಿಗೆ ಬೇರೆ ಸದ್ದಿದೆ. ಎದೆಯ ತಳದಿಂದ ಹೊರಟು ಹ್ಹಾ ಎಂದು ಕೊಳವೆಯನ್ನು ತುಂಬಿ ಕೊನೆಯಲ್ಲಿ ಕುಗ್ಗುವ ಸದ್ದು. ಹೋದ ವರ್ಷ ಆಸ್ಪತ್ರೆಯಲ್ಲಿ ಮೀಟರ್ ಕೊಟ್ಟಾಗ ನರ್ಸ್ ವೂ ಅದನ್ನೇ ಊದಿ ತೋರಿಸಿ, "ನಾಲಿಗೆ ಕೆಳಗಿರ್ಬೇಕು, ಉಗುಳಿದ ಹಾಗೆ ಊದಬಾರ್ದು, ಉಗುಳಿದ್ರೆ ಮುಳ್ಳು ಸುಳ್ಳು ಹೇಳುತ್ತೆ" ಎಂದಿದ್ದರು. ಯುನ್‌ಹ್ವೇ ಅದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದಳು. ಸೂಚನೆಗಳನ್ನು ಬರೆದುಕೊಳ್ಳುವುದು ಅವಳ ಕೆಲಸದ ಗುಣ. ತೈಚುಂಗ್ ನಗರದ ನೀರು ಪರೀಕ್ಷಾಲಯದಲ್ಲಿ ಹದಿನಾರು ವರ್ಷದಿಂದ ದಿನಕ್ಕೆ ನಲವತ್ತು ಬಾಟಲಿ ನೀರನ್ನು ಅಳೆಯುವವಳು. ಅಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಗೋಡೆಯ ಮೇಲೆ ಬರೆದು ಹಾಕದ ಒಂದು ಮಾತಿದೆ: ಕೆಟ್ಟ ಅಂಕಿ ಬಂದರೆ ಎರಡನೇ ಸಲ ಅಳೆಯುತ್ತಾರೆ, ಒಳ್ಳೆಯ ಅಂಕಿ ಬಂದರೆ ಬಾಟಲಿ ತೊಳೆಯುತ್ತಾರೆ. ಹೊಸದಾಗಿ ಸೇರಿದವರಿಗೆ ಅವಳೇ ಇದನ್ನು ಎಚ್ಚರಿಕೆಯಾಗಿ ಹೇಳುತ್ತಿದ್ದಳು. ಮೂರು ಸಲ ಊದಿ, ಮೂರರಲ್ಲಿ ದೊಡ್ಡದನ್ನು ಬರೆಯಬೇಕು ಎಂಬುದು ಮೀಟರಿನ ನಿಯಮ. ಜುಲೈಯಲ್ಲಿ ಅವಳು ಮಗಳಿಂದ ನಾಲ್ಕು ಸಲ ಊದಿಸಿದಳು. ಆಮೇಲೆ ಐದು. ಒಂದು ದಿನ, ತಾರೀಕು ಹತ್ತೊಂಬತ್ತು, ಎಂಟು ಸಲ. ಎಂಟನೆಯದಕ್ಕೆ ಮಗಳು ತಲೆ ತಿರುಗಿ ಕುರ್ಚಿ ಹಿಡಿದುಕೊಂಡಿದ್ದಳು. ಅದರ ಮಾರನೆಯ ಬೆಳಿಗ್ಗೆ ಮೊದಲ ಸಲ ಥುಪ್ ಎಂಬ ಸದ್ದು ಕೇಳಿತು, ಇನ್ನೂರ ಮೂವತ್ತು ಬಂತು, ಮಗಳು ತಿರುಗಿ ಅವಳ ಮುಖ ನೋಡಿದಳು. ಅವಳು ಬರೆದುಕೊಂಡಳು.

ಫೋನಿನಲ್ಲಿ ೨೬೦ ಎಂದು ಒತ್ತಿ ವಿಯೆಟ್ನಾಮಿಗೆ ಕಳಿಸಿದಳು. ಗಂಡ ಬಿಂಗ್‌ಹಾಂಗ್ ಅಲ್ಲಿಯ ಚಪ್ಪಲಿ ಅಟ್ಟೆಯ ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಮೇಲ್ವಿಚಾರಕ. ಅರ್ಧ ನಿಮಿಷದಲ್ಲಿ ಉತ್ತರ ಬಂತು: ಸೊಂಟ ಬಗ್ಗಿಸಿ ಚಪ್ಪಾಳೆ ತಟ್ಟುವ ಕರಡಿಯ ಚಿತ್ರ. ಜೂನ್‌ನಲ್ಲಿ ಅವಳು ನೂರ ಐವತ್ತು, ನೂರ ಅರವತ್ತು ಎಂದು ಕಳಿಸುತ್ತಿದ್ದಾಗ ಕರಡಿ ಇರುತ್ತಿರಲಿಲ್ಲ, ಫೋನ್ ಬರುತ್ತಿತ್ತು. ಕಿಟಕಿ ತೆಗೆದಿದ್ದೀಯಾ, ಹಾಸಿಗೆ ಬಿಸಿನೀರಲ್ಲಿ ಒಗೆದೆಯಾ, ನಿನ್ನ ಲ್ಯಾಬಿನ ವಾಸನೆ ಬಟ್ಟೆಯಲ್ಲಿ ಮನೆಗೆ ಬರುತ್ತಿಲ್ಲ ತಾನೇ. ಪ್ರಶ್ನೆಗಳಲ್ಲಿ ತಪ್ಪೇನೂ ಇರಲಿಲ್ಲ. ಹಿಂದಿನ ಸಾಲುಗಳನ್ನು ಬೆರಳಲ್ಲಿ ಮೇಲಕ್ಕೆ ತಳ್ಳಿ ನೋಡಿದಳು: ಅಂಕಿ, ಕರಡಿ, ಅಂಕಿ, ಕರಡಿ. ಇಪ್ಪತ್ತೈದು ದಿನಗಳಿಂದ ಗಂಡ ಹೆಂಡತಿ ಬೇರೆ ಮಾತು ಆಡಿರಲಿಲ್ಲ, ಜಗಳವನ್ನೂ ಆಡಿರಲಿಲ್ಲ.

ಏಳು ಗಂಟೆಗೆ ಲೂಕಾಂಗ್‌ನಿಂದ ಅತ್ತೆ ಫೋನ್ ಮಾಡಿದರು. ಮೊಮ್ಮಗಳಿಗೆ ಅವರು ಆಮಾ, ಹಾಗಾಗಿ ಈ ಮನೆಯಲ್ಲಿ ಎಲ್ಲರಿಗೂ ಆಮಾ. "ಆ-ಹ್ವೇ, ಇವತ್ತು ಕೊನೇ ಸುಡುದಿನ. ಪಟ್ಟಿ ಹಚ್ಚಿಸೋದು ಮರೀಬೇಡ."

"ಮರೆತಿಲ್ಲ ಆಮಾ. ಹತ್ತೂವರೆಗೆ ಟೋಕನ್ ಇದೆ."

"ಎಷ್ಟು ಊದಿದ್ಲು ನಮ್ಮ ಹುಡುಗಿ?"

"ಇನ್ನೂರ ಅರವತ್ತು."

"ನೋಡಿದ್ಯಾ! ಓದಿದವಳು ನೀನು, ನನ್ನ ಮಾತು ಕೇಳೋಕೆ ಐದು ವರ್ಷ ಬೇಕಾಯ್ತು. ಇರಲಿ ಬಿಡು, ಕೇಳಿದೆಯಲ್ಲ, ಒಳ್ಳೇ ಸೊಸೆ. ಐಸ್ ಕೊಡಬೇಡ. ಕಲ್ಲಂಗಡಿನೂ ಬೇಡ. ಅತ್ತರೆ ಅಳ್ಲಿ."

ಒಳ್ಳೇ ಸೊಸೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮೊದಲ ಸಲ ಈ ಮಾತು ಜುಲೈ ಇಪ್ಪತ್ತಕ್ಕೆ ಕಿವಿಗೆ ಬಿದ್ದಿತ್ತು. ಇನ್ನೂರ ಮೂವತ್ತರ ದಿನ. ಅದಕ್ಕೆ ಮೊದಲು ಅವಳು ಮಗುವಿನ ಬಾಯಿಗೆ ಔಷಧಿ ಹೊಡೆಯುವವಳು, ನೀರು ಅಳೆಯುವವಳು, ಗಂಡನನ್ನು ಸಮುದ್ರ ದಾಟಿಸಿದವಳು. ಹೋದ ಚಳಿಗಾಲ ಟಿಂಗ್‌ಟಿಂಗ್ ಐದು ದಿನ ಆಸ್ಪತ್ರೆಯಲ್ಲಿದ್ದಾಗ ಆಮಾ ಮಗುವಿನ ಒಂದು ಅಂಗಿ ಅಂಚೆಯಲ್ಲಿ ಕಳಿಸೆಂದು ಹಟ ಹಿಡಿದಿದ್ದರು. ಲೂಕಾಂಗ್‌ನಲ್ಲಿ ಒಬ್ಬ ಮುದುಕಿ ಇದ್ದಾಳೆ. ಬಟ್ಟಲು ತುಂಬ ಅಕ್ಕಿಗೆ ಮಗುವಿನ ಅಂಗಿ ಸುತ್ತಿ, ಮಂತ್ರ ಹೇಳುತ್ತಾ ಆಡಿಸಿ, ಅಕ್ಕಿ ಕುಳಿಬಿದ್ದ ಕಡೆ ನೋಡಿ, ಮಗು ಯಾವುದಕ್ಕೆ ಹೆದರಿದೆ ಎಂದು ಹೇಳುತ್ತಾಳೆ. ಯುನ್‌ಹ್ವೇ ಸಹೋದ್ಯೋಗಿಗಳಿಗೆ ಇದನ್ನು ಹೇಳಿ ನಕ್ಕಿದ್ದಳು. ಆಮೇಲೆ ಮನೆಗೆ ಹೋಗಿ, ಹಳದಿ ಅಂಗಿಯನ್ನು ಇಸ್ತ್ರಿ ಮಾಡಿ, ಮಡಿಸಿ ಕಳಿಸಿದ್ದಳು. ಕೊರಳಪಟ್ಟಿಯ ಒಳಗೆ ಕೆಂಪು ಮುದ್ರೆ ಬಿದ್ದು ಅಂಗಿ ವಾಪಸು ಬಂತು, ಜೊತೆಗೆ ಆಮಾ ಬರೆದ ಚೀಟಿ: ಮಗು ತನ್ನ ಹತ್ತಿರದವರ ಮುಖಕ್ಕೆ ಹೆದರಿದೆ. ಆ ಚೀಟಿಯನ್ನು ಅವಳು ಯಾರಿಗೂ ತೋರಿಸದೆ ಹರಿದಿದ್ದಳು. ಅಂಗಿಯನ್ನು ಮಾತ್ರ ಆ ಮುದ್ರೆ ಹೋಗದ ಹಾಗೆ ಇಂದಿಗೂ ಕೈಯಲ್ಲೇ ಒಗೆಯುತ್ತಾಳೆ.

ಕೆ ವೈದ್ಯರ ಚೀನಿ ಔಷಧಾಲಯದ ಮುಂದೆ ಹತ್ತೂವರೆಗೆ ಸಾಲು ಬೀದಿಗೆ ಬಂದಿತ್ತು. ವರ್ಷದಲ್ಲಿ ಅತಿ ಸುಡುವ ಮೂರು ದಿನಗಳು, ಪಂಚಾಂಗದಲ್ಲಿ ಗೊತ್ತುಮಾಡಿದವು; ಮೊದಲ ಎರಡು ಜುಲೈಯಲ್ಲೇ ಕಳೆದಿದ್ದವು. ಆ ದಿನಗಳಲ್ಲಿ ಬೆನ್ನಿಗೆ ಔಷಧಿಯ ಪಟ್ಟಿ ಹಚ್ಚಿದರೆ ಚಳಿಗಾಲದಲ್ಲಿ ಉಬ್ಬಸ ಏಳುವುದಿಲ್ಲ. ಸಾಲಿನಲ್ಲಿ ತಾಯಂದಿರಿಗಿಂತ ಅಜ್ಜಿಯರೇ ಹೆಚ್ಚು. ಎಲ್ಲ ಮಕ್ಕಳೂ ಅಂಗಿ ಎತ್ತಿ ಬೆನ್ನು ತೋರಿಸಿ ನಿಂತಿದ್ದವು, ಬೆನ್ನುಗಳೆಲ್ಲ ಒಂದೇ ಥರ, ತೆಳ್ಳಗೆ. ಬಿಳಿ ಸಾಸಿವೆ, ಶುಂಠಿರಸ ಕಲಸಿದ ಮುದ್ದೆಯ ಘಾಟು ಮೂಗಿಗೆ ಬಡಿಯಿತು.

"ನಮ್ಮವನಿಗೆ ಇದು ಮೂರನೇ ವರ್ಷ," ಎಂದರು ಮುಂದಿದ್ದ ಅಜ್ಜಿ. "ಮೂರು ವರ್ಷ ಬಿಡದೆ ಹಚ್ಚಿದ್ರೆ ಬೇರುಸಹಿತ ಹೋಗುತ್ತಂತೆ."

"ಮೂರು ವರ್ಷಕ್ಕೆ ಮಕ್ಕಳೇ ದೊಡ್ಡವಾಗಿ ಮನೆ ಬಿಟ್ಟು ಹೋಗ್ತವೆ, ರೋಗ ಯಾವ ಲೆಕ್ಕ!" ಎಂದು ಹಿಂದಿನಾಕೆ ಅಂದಾಗ ಸಾಲೇ ನಕ್ಕಿತು. ಯುನ್‌ಹ್ವೇ ಸಹ ನಕ್ಕಳು, ಸ್ವಲ್ಪ ತಡವಾಗಿ. ಯಾರಾದರೂ ತನ್ನನ್ನು ಗುರುತು ಹಿಡಿದಾರೆಂಬ ಭಯಕ್ಕೆ ಮುಖಗವಸನ್ನು ಕಣ್ಣಿನವರೆಗೆ ಎಳೆದುಕೊಂಡಿದ್ದಳು. ಪರೀಕ್ಷಾಲಯದ ಹಿರಿಯಳೊಬ್ಬಳು ಇಲ್ಲಿ ನಿಲ್ಲುವುದು ನಾಚಿಕೆಯೇ? ಅಲ್ಲ. ನಾಚಿಕೆ ಇದ್ದದ್ದು ಬೇರೆ ಕಡೆ. ಅದನ್ನು ಇಲ್ಲಿಗೆ ತಂದು ಇಳಿಸಿದರೆ ಹಗುರ ಎನಿಸುತ್ತಿತ್ತು, ಅಷ್ಟೇ.

ಕೆ ವೈದ್ಯರು ಎಪ್ಪತ್ತು ದಾಟಿದವರು. ಮೂರು ಬೆರಳಿಟ್ಟು ಟಿಂಗ್‌ಟಿಂಗ್‌ಳ ನಾಡಿ ಹಿಡಿದರು, ನಾಲಿಗೆ ನೋಡಿದರು. ಅವರು ಕೇಳದಿದ್ದರೂ ಯುನ್‌ಹ್ವೇ ಪುಸ್ತಕ ಬಿಡಿಸಿ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ಒಂದು ಪುಟ ನೋಡಿದರು.

"ಅಂಕಿ ಚೆನ್ನಾಗಿದೆ. ಮುಖ ಚೆನ್ನಾಗಿಲ್ಲ," ಎಂದರು. "ರಾತ್ರಿ ಕೆಮ್ಮುತ್ತಾಳಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟು? ನೀವು ಅಳೆಯೋರು ಅಂತ ಹೇಳಿದ್ರಲ್ಲ ಹೋದ ಸಲ." ಅವರು ನಗುತ್ತಲೇ ಕೇಳಿದರು. ರಾತ್ರಿಯ ಕೆಮ್ಮನ್ನು ಬರೆಯಲು ಪುಸ್ತಕದಲ್ಲಿ ಒಂದು ಅಂಕಣ ಇತ್ತು, ಮೂರು ವಾರದಿಂದ ಖಾಲಿ. "ಆಸ್ಪತ್ರೆಯ ಔಷಧಿ ನಿಲ್ಲಿಸಬೇಡಿ. ಇದು ಮೇಲೊಗರ, ಅದು ಅನ್ನ. ಅಜ್ಜಿಯಂದಿರು ತಿರುಗಾಮುರುಗಾ ಮಾಡ್ತಾರೆ," ಎಂದು ಅವರು ಮಗುವಿನ ನಾಡಿಯಿಂದ ಬೆರಳು ತೆಗೆದರು. ಸಹಾಯಕಿ ಬೆನ್ನಿನ ಮೇಲೆ ಆರು ಕಡೆ ಪಟ್ಟಿ ಹಚ್ಚಿದಳು. ಎರಡು ಗಂಟೆ ಕಾಲ ಇರಬೇಕು ಎಂದಳು.

ಎರಡು ಗಂಟೆ ಇರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಆಸ್ಪತ್ರೆಯಲ್ಲಿ ಡಾಕ್ಟರ್ ಜ್ಯೆನ್ ಅವರ ಬಳಿ ಸರದಿ. ಹನ್ನೆರಡೂವರೆಗೆ ಯುನ್‌ಹ್ವೇ ಮಗಳನ್ನು ಮೂರನೇ ಮಹಡಿಯ ಶೌಚಾಲಯದೊಳಗೆ ಕರೆದುಕೊಂಡು ಹೋಗಿ, ಅಂಗಿ ಎತ್ತಿ, ಪಟ್ಟಿಗಳನ್ನು ಒಂದೊಂದಾಗಿ ಕಿತ್ತಳು. ಆರು ಕೆಂಪು ವೃತ್ತ ಉಳಿದವು. ಒದ್ದೆ ಕಾಗದಕ್ಕೆ ಸೋಪು ಹಚ್ಚಿ ಉಜ್ಜಿದಳು. ಉಜ್ಜಿದಷ್ಟೂ ಕೆಂಪಾದವು.

"ಉರಿಯುತ್ತೆ ಅಮ್ಮ."

"ಶ್. ಆಯ್ತು."

"ಡಾಕ್ಟರಿಗೆ ಹೇಳಬಾರ್ದಾ?"

"ಕೇಳಿದ್ರೆ ಹೇಳೋಣ. ಕೇಳದಿದ್ರೆ ಯಾಕೆ?"

ಬಾಗಿಲು ತೆರೆದಾಗ ನೆಲ ಒರೆಸುತ್ತಿದ್ದ ಹೆಂಗಸು ಮೂಗು ಅರಳಿಸಿದಳು. "ಅಯ್ಯೋ, ಸುಡುದಿನದ ಪಟ್ಟಿ! ನಮ್ಮ ಮೊಮ್ಮಗಳಿಗೂ ಬೆಳಿಗ್ಗೆ ಹಚ್ಚಿಸ್ದೆ. ಇಷ್ಟು ಬೇಗ ಕಿತ್ಬಿಟ್ರಲ್ಲ, ಕೆಲಸ ಮಾಡುತ್ತಾ?" ಯುನ್‌ಹ್ವೇ ತಲೆ ತಗ್ಗಿಸಿ, ಸುರುಟಿದ ಪಟ್ಟಿಗಳನ್ನು ಕಸದಬುಟ್ಟಿಯ ತಳಕ್ಕೆ ತುರುಕಿ, ಮೇಲೆ ಕಾಗದ ಮುಚ್ಚಿದಳು. ಕೈ ಮೂರು ಸಲ ತೊಳೆದರೂ ಘಾಟು ಹೋಗಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಒಮ್ಮೆ ದ್ರಾವಣ ಚೆಲ್ಲಿ ಯಾರಿಗೂ ಹೇಳದೆ ಒರೆಸಿದ್ದಳು. ಮಾರನೆಯ ದಿನ ಮೇಜಿನ ಮರ ಕಪ್ಪಾಗಿತ್ತು. ಯಾರು ಎಂದು ಪ್ರಾಧ್ಯಾಪಕರು ಕೇಳಿದಾಗ ತರಗತಿಯೆಲ್ಲ ಸುಮ್ಮನಿತ್ತು, ಅವಳೂ ಸುಮ್ಮನಿದ್ದಳು. ಅವಳಿಗೆ ನೆನಪಿರುವುದು ಆ ಸುಮ್ಮನಿರುವಿಕೆಯ ಸುಖ. ಇಪ್ಪತ್ತು ಜನರ ನಡುವೆ ಬೆಚ್ಚಗಿತ್ತು.

ಡಾಕ್ಟರ್ ಜ್ಯೆನ್ ಅಂಗಿ ಎತ್ತಿದ ಕೂಡಲೇ ವೃತ್ತಗಳನ್ನು ಕಂಡರು. ಬೈಗುಳಕ್ಕೆ ಯುನ್‌ಹ್ವೇ ತಯಾರಾಗಿದ್ದಳು; ಹೊಟ್ಟೆಯೊಳಗೆ ಅದಕ್ಕೆ ಜಾಗವನ್ನೂ ಮಾಡಿಟ್ಟಿದ್ದಳು.

"ಓಹೋ, ಇವತ್ತು ಕೊನೇದಲ್ವಾ?" ಅವರು ನಕ್ಕರು. "ನಮ್ಮಮ್ಮನೂ ನನಗೆ ಹಚ್ಚಿಸ್ತಿದ್ರು. ನನಗೆ ಆಸ್ತಮಾನೇ ಇರ್ಲಿಲ್ಲ, ಪಕ್ಕದ ಮನೆಯವರು ಹಚ್ಚಿಸಿದ್ರಲ್ಲ ಅಂತ. ಗುಳ್ಳೆ ಎದ್ರೆ ಮಾತ್ರ ಬಂದು ತೋರಿಸಿ. ಇನ್‌ಹೇಲರ್ ಬಿಟ್ಟಿಲ್ಲ ತಾನೇ?"

"ಬಿಟ್ಟಿಲ್ಲ ಡಾಕ್ಟ್ರೇ. ಎರಡೂ ಹೊತ್ತು."

ಅವರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಒಮ್ಮೆ ಹುಬ್ಬು ಗಂಟಿಕ್ಕಿತು. "ಸ್ವಲ್ಪ ಸುಂಯ್ ಅಂತಿದೆಯಲ್ಲ..." ಎನ್ನುತ್ತಾ ಪುಸ್ತಕ ತೆಗೆದುಕೊಂಡು ಪುಟ ತಿರುವಿದರು. ಹುಬ್ಬು ಸಡಿಲವಾಯಿತು. ಅಪಾಯವಿಲ್ಲ ಎನ್ನುವ ಹಸಿರು ಪಟ್ಟೆಯ ಮೇಲೆ ಚುಕ್ಕೆಗಳು ಒಂದರ ಪಕ್ಕ ಒಂದು, ಗೆರೆ ಎಳೆದು ಸೇರಿಸಿದ್ದು, ಮೂರು ವಾರ. "ಅಬ್ಬಾ! ಆ ಸದ್ದು ಹೊರಗಿನ ಬಿಸಿಲಿಂದ ಒಮ್ಮೆಲೇ ಏಸಿಗೆ ಬಂದಿದ್ದಕ್ಕೆ ಇರ್ಬೇಕು. ಕಿವಿ ಮೋಸ ಮಾಡುತ್ತೆ, ಇದು ಮಾಡಲ್ಲ. ನೋಡಿ ವೂ, ಹೀಗೆ ಬರೆಯೋ ತಾಯಂದಿರು ನೂರಕ್ಕೊಬ್ರು. ಲ್ಯಾಬಿನವರು ಅಂದ್ರೆ ಲ್ಯಾಬಿನವರು." ಪಕ್ಕದಲ್ಲಿದ್ದ ನರ್ಸ್ ವೂ ಪುಸ್ತಕದ ಕಡೆ ಬಗ್ಗಿ ನೋಡಿ, ಆಮೇಲೆ ಮಗುವಿನ ಕಡೆ ನೋಡಿದರು. "ಶಾಲೆ ಶುರುವಾಗೋ ಮುಂಚೆ ಔಷಧಿ ಇಳಿಸಿಬಿಡೋಣ. ರಾತ್ರಿ ಇನ್‌ಹೇಲರ್ ಬೇಡ. ಬೆಳಿಗ್ಗೆ ಒಂದೇ ಹೊತ್ತು. ಮೂರು ತಿಂಗಳು ಬಿಟ್ಟು ಬನ್ನಿ."

ಈಗ ಹೇಳಬೇಕು ಎಂದುಕೊಂಡಳು. ಅವರ ಬೆರಳು ಕೀಲಿಮಣೆಯ ಮೇಲೆ ಓಡುತ್ತಿತ್ತು. ಬೆರಳು ನಿಂತ ಮೇಲೆ ಹೇಳೋಣ ಎಂದುಕೊಂಡಳು. ಬೆರಳು ನಿಂತಿತು, ಯಂತ್ರ ಚೀಟಿ ಉಗುಳಿತು, ಹೊರಗಿನ ಫಲಕದಲ್ಲಿ ಮುಂದಿನ ಸಂಖ್ಯೆ ಹೊತ್ತಿತು, ಒಬ್ಬ ಗಂಡಸು ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತ. "ಥ್ಯಾಂಕ್ಸ್ ಡಾಕ್ಟ್ರೇ," ಎಂದು ಅವಳೇ ಹೇಳಿದ್ದು ಅವಳಿಗೆ ಕೇಳಿಸಿತು.

ಔಷಧಿ ಕೊಡುವ ಕಿಟಕಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಇಬ್ಬರೂ ಕುಳಿತರು. ಜೂನ್‌ನ ಅಂಕಿ ನೂರ ಅರವತ್ತು ನಿಜ. ಪಟ್ಟಿಯಿಂದ ನಿಜವಾಗಿ ಏರಿದ್ದರೂ ಏರಿರಬಹುದು, ಹತ್ತೋ ಇಪ್ಪತ್ತೋ. ಇಳಿದಿದ್ದರೂ ಇಳಿದಿರಬಹುದು. ಅದನ್ನು ತಿಳಿಯುವ ದಾರಿಯನ್ನು ತಾನೇ ಮುಚ್ಚಿದ್ದಳು; ಆ ಅಜ್ಜಿಯರ ಸಾಲಿನಲ್ಲಿ ಯಾರೂ ಮಾಡದ ಮೋಸ ಅದು. ಅವರು ನಂಬಿದ್ದರು, ಅಷ್ಟೇ. ಅಕ್ಟೋಬರಿನಲ್ಲಿ ಬಡಗಣ ಗಾಳಿ ತಿರುಗುತ್ತದೆ. ಹೋದ ವರ್ಷ ಗಾಳಿ ತಿರುಗಿದ ಮೂರನೆಯ ದಿನ ಮಗಳ ತುಟಿ ಬೂದಿಯ ಬಣ್ಣಕ್ಕೆ ಬಂದಿತ್ತು, ಮಾತಾಡಲು ಉಸಿರು ಸಾಲದೆ ಬೆರಳಿನಿಂದ ಬಾಗಿಲು ತೋರಿಸಿದ್ದಳು. ಆಗ ದಿನಕ್ಕೆ ಎರಡು ಹೊತ್ತು ಔಷಧಿ ನಡೆದಿತ್ತು. ಆದರೂ ಇದನ್ನು ಈಗ ಹೇಳುವುದೆಂದರೆ ಬೇರೆ ಎಷ್ಟೋ ಹೇಳಬೇಕಾಗುತ್ತದೆ: ಕರಡಿಗೆ, ಲೂಕಾಂಗ್‌ಗೆ. ಮನೆಯಲ್ಲೇ ಯಾರಿಗೂ ಹೇಳದೆ ರಾತ್ರಿಯ ಇನ್‌ಹೇಲರ್ ಮುಂದುವರಿಸಿದರೆ? ಡಬ್ಬಿ ಬೇಗ ಮುಗಿಯುತ್ತದೆ. ಮುಗಿದರೆ ಕಳೆದುಹೋಯಿತು ಎನ್ನಬಹುದು. ಒಂದು ಸುಳ್ಳಿಗೆ ಇನ್ನೊಂದು ಎಷ್ಟು ಸಲೀಸಾಗಿ ಹೊಂದಿಕೊಳ್ಳುತ್ತದೆ ಎಂದು ಅವಳಿಗೆ ಬೆರಗಾಯಿತು.

"ಅಮ್ಮ, ಇನ್ಮೇಲೆ ರಾತ್ರಿ ಔಷಧಿ ಇಲ್ವಾ?"

"ಬೇಡ್ವಂತೆ."

ಟಿಂಗ್‌ಟಿಂಗ್ ಕಾಲು ಆಡಿಸುವುದನ್ನು ನಿಲ್ಲಿಸಿದಳು. "ಹಾಗಾದ್ರೆ ಉಸಿರು ಬರದಿದ್ರೆ?"

ಯುನ್‌ಹ್ವೇ ಮಗಳ ಕಡೆ ತಿರುಗಿದಳು. ಮಗಳು ಎದುರಿನ ಕಿಟಕಿಯನ್ನೇ ನೋಡುತ್ತಿದ್ದಳು. "ಹಾಗೆ ಊದೋದು ಯಾರು ಹೇಳಿಕೊಟ್ರು?"

"ಹೇಗೆ?"

"ಥುಪ್ ಅಂತ."

"ಯಾರೂ ಇಲ್ಲ. ರಜೆಯ ತರಗತೀಲಿ ಸ್ಟ್ರಾ ಒಳಗೆ ಕಾಗದ ಇಟ್ಟು ಉಗುಳ್ತಾರೆ. ಹಾಗೆ ಊದಿದ್ರೆ ದೂರ ಹೋಗುತ್ತೆ." ಆಮೇಲೆ, ಲೆಕ್ಕ ಒಪ್ಪಿಸುವವಳ ಹಾಗೆ: "ದೊಡ್ಡ ನಂಬರ್ ಬಂದ್ರೆ ನೀನು ಇನ್ನೊಂದ್ಸಲ ಅನ್ನಲ್ಲ."

ಕಿಟಕಿಯ ಮೇಲೆ ಅವರ ಸಂಖ್ಯೆ ಹೊತ್ತಿತು. ಯುನ್‌ಹ್ವೇ ಎದ್ದಳು, ಕಿಟಕಿಗೆ ಹೋಗದೆ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಳು. ಮಗಳು ಬೆನ್ನ ಮೇಲೆ ಚೀಲ ಕುಣಿಸುತ್ತಾ ಹಿಂದೆ ಓಡಿ ಬಂದಳು.

ನರ್ಸ್ ವೂ ಅವರ ಪುಟ್ಟ ಕೋಣೆ ಡಾಕ್ಟರರ ಕೋಣೆಗೆ ಅಂಟಿಕೊಂಡಿತ್ತು. ಅವರು ಊಟದ ಡಬ್ಬಿ ಬಿಚ್ಚಿದ್ದರು. ತಿನ್ನುವ ಕಡ್ಡಿಗಳ ನಡುವೆ ಬೆಂದ ಸೊಪ್ಪು. "ಏನಮ್ಮ, ಔಷಧಿ ಸಿಗಲಿಲ್ವಾ?"

"ಪುಸ್ತಕದಲ್ಲಿರೋದು ತಪ್ಪು," ಎಂದಳು ಯುನ್‌ಹ್ವೇ. "ಮೂರು ವಾರದ್ದು. ಇವಳು ಉಗುಳಿದ ಹಾಗೆ ಊದ್ತಿದ್ದಾಳೆ."

ವೂ ಕಡ್ಡಿ ಕೆಳಗಿಟ್ಟು ಟಿಂಗ್‌ಟಿಂಗ್‌ಳನ್ನು ನೋಡಿ ಕಣ್ಣು ಅಗಲಿಸಿದರು. "ಕಳ್ಳಿ! ಎಷ್ಟು ಚೆನ್ನಾಗಿ ಅಮ್ಮನಿಗೆ ಟೋಪಿ ಹಾಕಿದೀಯಲ್ಲೇ! ಆ ಅಂಕಿ ನೋಡಿದಾಗ್ಲೇ ಅನ್ಕೊಂಡೆ, ಈ ಎತ್ತರದ ಮಗು ಇನ್ನೂರ ಅರವತ್ತು ಊದೋದಂದ್ರೆ ಏನು ಅಂತ. ಪಾಪ, ಅಮ್ಮನಿಗೆ ಗೊತ್ತಾಗದ ಹಾಗೆ..."

ಟಿಂಗ್‌ಟಿಂಗ್ ತಲೆ ತಗ್ಗಿಸಿದಳು. ಮಾತು ಇಲ್ಲಿಗೆ ನಿಲ್ಲಬಹುದಿತ್ತು. ಮಗು ಮಾಡಿದ ತುಂಟತನ, ತಾಯಿ ಹಿಡಿದ ಜಾಣತನ, ನಗುವ ನರ್ಸ್, ಎಲ್ಲ ಸರಿಹೋಗುತ್ತಿತ್ತು. ಮೇಜಿನ ಮರ ಕಪ್ಪಾದ ದಿನದ ಆ ಬೆಚ್ಚನೆಯ ಜಾಗ ಮತ್ತೆ ಅವಳಿಗಾಗಿ ತೆರೆದುಕೊಂಡಿತ್ತು. ಈ ಸಲ ಅದರಲ್ಲಿ ಇಪ್ಪತ್ತು ಜನ ಇರಲಿಲ್ಲ, ಒಬ್ಬಳಿದ್ದಳು, ಬೆನ್ನ ಮೇಲೆ ಆರು ಕೆಂಪು ವೃತ್ತದವಳು.

"ನನಗೆ ಗೊತ್ತಿತ್ತು," ಎಂದಳು. ದನಿ ಬೇರೆ ಯಾರದೋ ಹಾಗಿತ್ತು. "ಮೊದಲನೇ ದಿನದಿಂದ ಗೊತ್ತಿತ್ತು. ಸದ್ದು ಕೇಳಿಸ್ತಿತ್ತು. ಗೊತ್ತಿದ್ದೇ ಬರೆದೆ."

ವೂ ಅವರ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು, ಆಮೇಲೆ ಇಲ್ಲವಾಯಿತು. ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಆಮಾ, ಕರಡಿ, ಒಳ್ಳೇ ಸೊಸೆ ಎಂದು ಹೇಳಲು ಏನಾದರೂ ಇರುತ್ತಿತ್ತು. ಅವರು ಡಬ್ಬಿಯ ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಡ್ರಾಯರಿನಿಂದ ಹೊಸ ಬಾಯಿಕೊಳವೆ ತೆಗೆದು ಮೀಟರಿಗೆ ಸಿಕ್ಕಿಸಿದರು. "ನೀವು ಆ ಕಡೆ ಕೂತ್ಕೊಳ್ಳಿ. ಮಗು ಎದುರಿಗೆ ಬೇಡ." ಯುನ್‌ಹ್ವೇ ಬಾಗಿಲ ಪಕ್ಕದ ಕುರ್ಚಿಗೆ ಸರಿದಳು. ಅಲ್ಲಿಂದ ಮಗಳ ಬೆನ್ನು ಮಾತ್ರ ಕಾಣುತ್ತಿತ್ತು.

"ನಾಲಿಗೆ ಕೆಳಗೆ. ಭುಜ ಕೆಳಗೆ. ಎಷ್ಟು ಬಂದ್ರೂ ಮೂರೇ ಸಲ, ಆಮೇಲೆ ಯಾರೂ ಇನ್ನೊಂದ್ಸಲ ಅನ್ನಲ್ಲ. ಸರೀನಾ? ಊದು ಪುಟ್ಟಿ."

ಹ್ಹಾ. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ. ಕೊನೆಯಲ್ಲಿ ಸಣ್ಣ ಶಿಳ್ಳೆಯಂಥದು ಸೇರಿಕೊಂಡಿತ್ತು. ಮತ್ತೆ, ಹ್ಹಾ. ಮೂರನೆಯದಕ್ಕೆ ಕೆಮ್ಮು ಬಂತು. ಟಿಂಗ್‌ಟಿಂಗ್ ಕೆಮ್ಮಿ, ಸುಧಾರಿಸಿಕೊಂಡು, ಯಾರೂ ಹೇಳದೆಯೇ ನೆಟ್ಟಗೆ ನಿಂತು ಊದಿದಳು. ಯುನ್‌ಹ್ವೇಯ ನಾಲಿಗೆಯ ತುದಿಗೆ ಬಂದದ್ದು ಅದೇ ಮಾತು, ಇನ್ನೊಂದ್ಸಲ. ಹಲ್ಲು ಕಚ್ಚಿದಳು. ವೂ ಮೀಟರನ್ನು ಅವಳ ಕಡೆ ಚಾಚಿ, "ಮೂರರಲ್ಲಿ ದೊಡ್ಡದು ಇದೇ, ನೀವೇ ಓದಿ ಬರೀರಿ. ಡಾಕ್ಟರನ್ನ ನಾನು ಕರೀತೀನಿ, ಚೀಟಿ ಬದಲಾಯಿಸ್ಬೇಕು," ಎಂದು ಎದ್ದು ಹೋದರು.

ಪರ್ಸಿನೊಳಗೆ ಫೋನ್ ನಡುಗಿತು. ಆಮಾ ಇರಬಹುದು, ಪಟ್ಟಿ ಎಷ್ಟು ಹೊತ್ತು ಇತ್ತೆಂದು ಕೇಳಲು. ಮಗಳು ಎರಡು ಹೆಜ್ಜೆ ದೂರದಲ್ಲೇ ನಿಂತು, ಮೀಟರನ್ನು ನೋಡದೆ ಅವಳ ಮುಖವನ್ನು ನೋಡುತ್ತಿದ್ದಳು. ಆ ಮುಖದಲ್ಲಿ ಈಗ ಏನಿದೆಯೋ ಯುನ್‌ಹ್ವೇಗೆ ತಿಳಿಯಲಿಲ್ಲ. ಅದನ್ನು ಸರಿಪಡಿಸಲೂ ಹೋಗಲಿಲ್ಲ. ಪುಸ್ತಕ ಬಿಡಿಸಿ, ಬೆಳಗಿನ ಇನ್ನೂರ ಅರವತ್ತನ್ನು ಓದಲು ಬರುವ ಹಾಗೆ ಒಂದೇ ಗೆರೆಯಿಂದ ಹೊಡೆದು, ಪಕ್ಕದಲ್ಲಿ ತನ್ನ ಸಹಿ ಹಾಕಿದಳು; ತಪ್ಪಾದ ಅಂಕಿಯನ್ನು ಲ್ಯಾಬಿನಲ್ಲಿ ತಿದ್ದುವುದು ಹಾಗೆ. ಹಿಂದಿನ ದಿನಗಳಿಗೂ ಒಂದೊಂದು ಗೆರೆ, ಒಂದೊಂದು ಸಹಿ, ಜುಲೈ ಇಪ್ಪತ್ತರವರೆಗೆ. ಆಮೇಲೆ ಮೀಟರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು. ಮುಳ್ಳು ಎರಡು ಗೆರೆಗಳ ನಡುವೆ ನಿಂತಿತ್ತು. ಕೆಳಗಿನ ಗೆರೆಯನ್ನು ಓದಿ ಬರೆದಳು: ನಿಮಿಷಕ್ಕೆ ನೂರ ನಲವತ್ತು ಲೀಟರ್.